ಮೊಹಾವಿಯ ಓಟಕ್ಕೆ ಹಳೆಯ ರೇಂಜರ್ ಪಿಕಪ್ಪನ್ನು ಸಜ್ಜುಗೊಳಿಸುವುದು

ಮರುಭೂಮಿಯ ಓಟ ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಮರಳಿನ ದಿಬ್ಬಗಳು. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರು ಡಕಾರ್ ರ್‍ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದಾಗ ಪತ್ರಿಕೆಗಳಲ್ಲಿ ನೋಡಿದ ಚಿತ್ರಗಳೂ ಆ ಕಲ್ಪನೆಯನ್ನು ಗಟ್ಟಿ ಮಾಡಿದವು. ಆದರೆ ದಕ್ಷಿಣ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಬಹುಭಾಗ ಮರಳೇ ಅಲ್ಲ. ಅಲ್ಲಿರುವುದು ಜಲ್ಲಿ, ಚೂಪುಗಲ್ಲು, ಮಳೆ ಬಂದಾಗಲಷ್ಟೇ ಹರಿಯುವ ಒಣ ಹಳ್ಳಗಳು, ಬಿಸಿಲಿಗೆ ಬಿರಿದ ಸಮತಟ್ಟಾದ ಕೆರೆಯಂಗಳಗಳು ಮತ್ತು ಚಕ್ರ ಇಟ್ಟೊಡನೆ ನೀರಿನಂತೆ ಎರಡೂ ಕಡೆ ಚಿಮ್ಮುವ ನುಣ್ಣನೆಯ ದೂಳು. ಇವೆಲ್ಲಕ್ಕಿಂತ ಗಾಡಿಯನ್ನು ಹೆಚ್ಚು ಹಾಳು ಮಾಡುವುದು ಇಲ್ಲಿಯವರು ‘ವೂಪ್ಸ್’ ಎಂದು ಕರೆಯುವ ಉಬ್ಬುತಗ್ಗುಗಳು. ವರ್ಷಗಟ್ಟಲೆ ಒಂದೇ ಜಾಡಿನಲ್ಲಿ ಗಾಡಿಗಳು ಓಡಿದ ಮೇಲೆ ನೆಲ ತಾನಾಗಿಯೇ ಅಲೆಯಲೆಯಾಗಿ ಏಳುತ್ತದೆ. ಒಂದೊಂದು ಅಲೆ ಎರಡು ಮೂರು ಅಡಿ ಆಳವಿರುತ್ತದೆ, ಅಂತಹವು ಸಾಲಾಗಿ ಮೈಲಿಗಟ್ಟಲೆ ಬರುತ್ತವೆ.

ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ ಇರುವ ಪಿಕಪ್ಪಿನ ಚಕ್ರ ಏಳೆಂಟು ಇಂಚಿನಷ್ಟು ಮಾತ್ರ ಮೇಲೆ ಕೆಳಗೆ ಚಲಿಸಬಲ್ಲದು. ಎರಡಡಿ ಆಳದ ಅಲೆಗೆ ವೇಗವಾಗಿ ನುಗ್ಗಿದರೆ ಆ ಏಳೆಂಟು ಇಂಚು ಕ್ಷಣಾರ್ಧದಲ್ಲಿ ಮುಗಿದು, ಉಳಿದ ಹೊಡೆತವೆಲ್ಲ ಲೋಹದಿಂದ ಲೋಹಕ್ಕೆ ನೇರವಾಗಿ ಚಾಸಿಗೆ ಹೋಗುತ್ತದೆ. ಹೊಡೆತ ಎಂಬುದು ಎಲ್ಲಿಗಾದರೂ ಹೋಗಲೇಬೇಕು. ಒಂದು ಭಾಗವನ್ನು ಗಟ್ಟಿ ಮಾಡಿದರೆ ಅದು ಪಕ್ಕದ ಭಾಗಕ್ಕೆ ದಾಟುತ್ತದೆ, ಅದನ್ನೂ ಗಟ್ಟಿ ಮಾಡಿದರೆ ಅದರಾಚೆಗೆ. ಆದ್ದರಿಂದ ಏನೂ ಮುರಿಯದ ಗಾಡಿಯನ್ನು ಕಟ್ಟುತ್ತೇನೆ ಎಂದು ಹೊರಡುವುದು ವ್ಯರ್ಥ ಎಂದೇ ನನ್ನ ಅಭಿಪ್ರಾಯ. ಯಾವುದು ಮೊದಲು ಮುರಿಯಬೇಕು ಎಂಬುದನ್ನು ನಾವೇ ಮುಂಚಿತವಾಗಿ ಗೊತ್ತುಮಾಡಿ, ಆ ಭಾಗವು ಅಗ್ಗದ್ದೂ ದಾರಿಯಲ್ಲೇ ಬದಲಿಸಬಹುದಾದದ್ದೂ ಆಗಿರುವಂತೆ ನೋಡಿಕೊಳ್ಳುವುದೇ ಹವ್ಯಾಸಿಗಳಾದ ನಮ್ಮ ಮಟ್ಟಿಗೆ ನಿಜವಾದ ಕೆಲಸ. ಕಳೆದ ಕೆಲವು ವರ್ಷಗಳಿಂದ ನಾವು ಮೂವರು ಗೆಳೆಯರು ರಿವರ್‌ಸೈಡ್ ಎಂಬ ಊರಿನ ಹತ್ತಿರದ ಒಂದು ಬಾಡಿಗೆ ಶೆಡ್ಡಿನಲ್ಲಿ ಹಳೆಯ ಫೋರ್ಡ್ ರೇಂಜರ್ ಒಂದನ್ನು ಹೀಗೆ ಕಟ್ಟುತ್ತಾ ಬಂದಿದ್ದೇವೆ.

ಈ ಆಟಕ್ಕೆ ಇಲ್ಲಿ ಉದ್ದನೆಯ ಇತಿಹಾಸವಿದೆ. 1962ರಲ್ಲಿ ಡೇವ್ ಎಕಿನ್ಸ್ ಅವರು ಹೋಂಡಾ ಮೋಟಾರ್‌ಸೈಕಲ್ಲಿನಲ್ಲಿ ಮೆಕ್ಸಿಕೋದ ತಿಜುವಾನಾದಿಂದ ಬಾಹಾ ಪರ್ಯಾಯದ್ವೀಪದ ಉದ್ದಕ್ಕೂ ಲಾ ಪಾಜ್‌ವರೆಗೆ 40 ಗಂಟೆಯೊಳಗೆ ಓಡಿಸಿ, ಹೊರಟ ಮತ್ತು ತಲುಪಿದ ಹೊತ್ತನ್ನು ತಂತಿ ಕಚೇರಿಗಳ ಮೂಲಕ ದಾಖಲಿಸಿದ್ದರು. 1967ರಲ್ಲಿ ಅದೇ ದಾರಿಯಲ್ಲಿ ಮೊದಲ ಸಂಘಟಿತ ಓಟ ನಡೆಯಿತು. ಮುಂದೆ ಬಾಹಾ 1000 ಎಂದು ಹೆಸರಾದದ್ದು ಅದೇ. ಆ ವರ್ಷ ಗೆದ್ದದ್ದು ಫೋಕ್ಸ್‌ವ್ಯಾಗನ್ ಬೀಟಲ್‌ನ ಯಂತ್ರಭಾಗಗಳ ಮೇಲೆ ಫೈಬರ್ ಮೈ ಕೂರಿಸಿದ ಮೇಯರ್ಸ್ ಮ್ಯಾಂಕ್ಸ್ ಎಂಬ ಪುಟ್ಟ ಬಗ್ಗಿ. 1994ರಲ್ಲಿ ಮಾರ್ಪಾಡಿಗೆ ಹೆಚ್ಚು ಮಿತಿಯಿಲ್ಲದ ಟ್ರೋಫಿ ಟ್ರಕ್ ಎಂಬ ತರಗತಿ ಬಂದ ಮೇಲೆ ಮೇಲ್ಮಟ್ಟದ ಓಟ ಕೋಟ್ಯಧೀಶರ ಪಾಲಾಯಿತು. ಆದರೆ ಬಾರ್‌ಸ್ಟೋ, ಲೂಸರ್ನ್ ವ್ಯಾಲಿ ಹಾಗೂ ಲಾಸ್ ವೇಗಸ್ ಸುತ್ತಮುತ್ತಲಿನ ಸ್ಥಳೀಯ ಸಂಘಗಳು ಇಂದಿಗೂ ವಾರಾಂತ್ಯದ ಓಟಗಳನ್ನು ನಡೆಸುತ್ತವೆ. ಹಗಲು ಕಚೇರಿಯ ಕೆಲಸ ಮಾಡುವವರು, ಪ್ಲಂಬರುಗಳು, ಶಾಲಾ ಶಿಕ್ಷಕರು ತಾವೇ ಕಟ್ಟಿದ ಗಾಡಿಗಳನ್ನು ಟ್ರೈಲರಿನ ಮೇಲೆ ಹೇರಿಕೊಂಡು ಬಂದು ಓಡಿಸುವುದು ಈ ಓಟಗಳಲ್ಲಿ.

ಹಳೆಯ ರೇಂಜರ್ ಏಕೆ ಎಂಬ ಪ್ರಶ್ನೆಗೆ ಉತ್ತರ ಅದರ ಮುಂಭಾಗದ ರಚನೆಯಲ್ಲಿದೆ. ಫೋರ್ಡ್ ಕಂಪನಿಯು 1965ರಿಂದ ತನ್ನ ದೊಡ್ಡ ಪಿಕಪ್ಪುಗಳಿಗೆ ಟ್ವಿನ್ ಐ-ಬೀಮ್ ಎಂಬ ವ್ಯವಸ್ಥೆಯನ್ನು ಅಳವಡಿಸಿತು, 1983ರಲ್ಲಿ ಬಂದ ರೇಂಜರಿಗೂ ಅದನ್ನೇ ಕೊಟ್ಟು 1997ರವರೆಗೆ ಮುಂದುವರಿಸಿತು. ಎರಡು ಮುಂಚಕ್ರಗಳಿಗೂ ಒಂದೊಂದು ಉದ್ದನೆಯ ಉಕ್ಕಿನ ತೊಲೆ. ಎಡ ಚಕ್ರದ ತೊಲೆಯ ಕೀಲು ಚಾಸಿಯ ಬಲಬದಿಯಲ್ಲಿ, ಬಲ ಚಕ್ರದ್ದು ಎಡಬದಿಯಲ್ಲಿ. ಎಂಜಿನ್ನಿನ ಕೆಳಗೆ ಎರಡೂ ತೊಲೆಗಳು ಒಂದನ್ನೊಂದು ದಾಟಿ ಹೋಗುತ್ತವೆ. ನುಣುಪಾದ ರಸ್ತೆಯ ಮೇಲೆ ಇದು ಟೈರನ್ನು ಓರೆಯಾಗಿ ಸವೆಸುತ್ತದೆ ಎಂದು ಬೈಸಿಕೊಂಡ ವಿನ್ಯಾಸ. ಆದರೆ ತೊಲೆ ಉದ್ದವಾಗಿರುವುದರಿಂದ ಚಕ್ರ ಬಹಳ ಮೇಲೆ ಕೆಳಗೆ ಹೋಗಬಲ್ಲದು, ಕೀಲುಗಳು ಕಡಿಮೆ, ಇಡಿಯ ತೊಲೆ ಒಂದೇ ತುಂಡು. ಸಣ್ಣ ಕಲ್ಲು ಬಡಿದು ಬಾಗುವ ತೆಳ್ಳನೆಯ ತೋಳುಗಳು ಅದರಲ್ಲಿಲ್ಲ. 1998ರಿಂದ ಬಂದ ರೇಂಜರುಗಳಲ್ಲಿ ಈ ತೊಲೆಗಳಿಲ್ಲ. ಹಾಗಾಗಿ ಗುಜರಿಗೆ ಹೋಗಬೇಕಾಗಿದ್ದ ತೊಂಬತ್ತರ ದಶಕದ ರೇಂಜರುಗಳಿಗೆ ಮರುಭೂಮಿಯವರ ನಡುವೆ ಇನ್ನೂ ಬೇಡಿಕೆಯಿದೆ. ನಮ್ಮದು ಹಿಂಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ, 4.0 ಲೀಟರಿನ ವಿ6 ಎಂಜಿನ್ನೂ ಐದು ಗೇರುಗಳೂ ಉಳ್ಳ ಗಾಡಿ. ನಾಲ್ಕು ಚಕ್ರಗಳ ಶಕ್ತಿ ಇಲ್ಲದೆ ಮರುಭೂಮಿಗೆ ಹೇಗೆ ಎಂದು ಊರಿನ ಗೆಳೆಯರು ಕೇಳುತ್ತಾರೆ. ವೇಗದಲ್ಲಿ ಓಡುವ ಗಾಡಿಗೆ ಎಳೆತಕ್ಕಿಂತ ಚಕ್ರದ ಚಲನೆ ಮುಖ್ಯ. ಮುಂಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ತೂಕ ಇಲ್ಲದಿರುವುದೇ ಲಾಭ.

ಮುಂಭಾಗದ ಕೆಲಸ ಶುರುವಾಗುವುದು ತೊಲೆಯನ್ನು ಕತ್ತರಿಸುವುದರಿಂದ. ಗಾಡಿಯನ್ನು ಎತ್ತರಿಸಲು ಉದ್ದನೆಯ ಸ್ಪ್ರಿಂಗ್ ಹಾಕಿದೊಡನೆ ತೊಲೆಯ ಚಕ್ರದ ಕಡೆಯ ತುದಿ ಕೆಳಗಿಳಿಯುತ್ತದೆ, ಅದರೊಂದಿಗೆ ಚಕ್ರದ ತಲೆ ಹೊರಕ್ಕೆ ವಾಲುತ್ತದೆ. ಅದನ್ನು ನೆಟ್ಟಗೆ ಮಾಡಲು ತೊಲೆಯನ್ನು ಒಂದೆಡೆ ಕೊಯ್ದು, ಕೋನ ತಿರುಗಿಸಿ ಮತ್ತೆ ಬೆಸೆಯಬೇಕು. ಹೇಳಲು ಒಂದೇ ವಾಕ್ಯ, ಆದರೆ ಮಾಡುವುದು ಹಾಗಲ್ಲ. ಬೆಸುಗೆಯ ಬಿಸಿಗೆ ಉಕ್ಕು ತಾನಾಗಿ ಎಳೆದುಕೊಳ್ಳುತ್ತದೆ. ಒಂದು ಡಿಗ್ರಿ ಎಳೆದುಕೊಂಡರೂ ಎರಡು ಚಕ್ರಗಳು ಎರಡು ದಿಕ್ಕು ನೋಡುತ್ತವೆ. ಆದ್ದರಿಂದ ದಪ್ಪ ತಗಡಿನ ಮೇಜಿಗೆ ತೊಲೆಯ ಎರಡೂ ತುದಿಗಳನ್ನು ಬೋಲ್ಟ್ ಹಾಕಿ ಬಿಗಿದು, ಮೊದಲು ನಾಲ್ಕು ಕಡೆ ಚುಕ್ಕಿ ಬೆಸುಗೆ ಇಟ್ಟು, ಕೋನಮಾಪಕದಿಂದ ಅಳೆದು, ನಂತರ ಮೇಲೊಂದು ಇಂಚು ಕೆಳಗೊಂದು ಇಂಚು ಎಂದು ಬದಲಿಸುತ್ತಾ ಹಾಕಬೇಕು. ನಮ್ಮ ಬೆಸುಗೆಗಾರರು ನಿವೃತ್ತ ಕೊಳವೆ ಕೆಲಸಗಾರರು. ಪ್ರತಿ ಸುತ್ತಿನ ನಂತರ ತೊಲೆ ಕೈಗೆ ಹಿತವಾಗುವಷ್ಟು ತಣಿಯುವವರೆಗೆ ಬೆಸುಗೆಯ ಟಾರ್ಚನ್ನು ಮುಟ್ಟುತ್ತಲೇ ಇರಲಿಲ್ಲ. ಬೆಸೆದ ಜಾಗದ ಮೇಲೆ ಕಾಲಿಂಚು ದಪ್ಪದ ತಗಡನ್ನು ವಜ್ರಾಕಾರಕ್ಕೆ ಕತ್ತರಿಸಿ ಹೊದಿಸಿದರು. ಚೌಕಾಕಾರದ ತಗಡಾದರೆ ಅದರ ನೇರ ಅಂಚಿನ ಉದ್ದಕ್ಕೂ ಬಲವೆಲ್ಲ ಒಂದೇ ಗೆರೆಯಲ್ಲಿ ಸೇರಿ ಅಲ್ಲೇ ಸೀಳು ಬಿಡುತ್ತದೆ. ವಜ್ರಾಕಾರದಲ್ಲಿ ಆ ಗೆರೆ ಓರೆಯಾಗಿ ಹರಡಿಕೊಳ್ಳುತ್ತದೆ. ಚಾಸಿಗೆ ಹಾಕುವ ತೇಪೆಗಳಿಗೂ ಇದೇ ನಿಯಮ.

ತೊಲೆಯನ್ನು ಹಿಂದಕ್ಕೆ ಎಳೆದು ಹಿಡಿಯುವ ರೇಡಿಯಸ್ ಆರ್ಮ್ ಎಂಬ ತೋಳುಗಳನ್ನೂ ಉದ್ದ ಮಾಡಬೇಕು, ಅವುಗಳ ಹಿಂತುದಿಯ ರಬ್ಬರ್ ಬುಷ್‌ಗಳ ಜಾಗಕ್ಕೆ ಎಲ್ಲ ದಿಕ್ಕಿಗೂ ಹೊರಳುವ ರಾಡ್ ಎಂಡ್ ಹಾಕಬೇಕು. ಆಮೇಲೆ ಸ್ಟಿಯರಿಂಗ್. ತೊಲೆ ಒಂದು ಕೀಲಿನ ಸುತ್ತ ತೂಗುತ್ತದೆ, ಸ್ಟಿಯರಿಂಗಿನ ತಿರುವನ್ನು ಚಕ್ರಕ್ಕೆ ಒಯ್ಯುವ ಟೈ ರಾಡ್ ಬೇರೊಂದು ಕೀಲಿನ ಸುತ್ತ ತೂಗುತ್ತದೆ. ಎರಡರ ವೃತ್ತಗಳು ಹೊಂದದಿದ್ದರೆ ಚಕ್ರ ಮೇಲೆ ಕೆಳಗೆ ಹೋದಂತೆಲ್ಲ ತಾನಾಗಿಯೇ ಎಡಕ್ಕೆ ಬಲಕ್ಕೆ ತಿರುಗುತ್ತದೆ. ಏಳೆಂಟು ಇಂಚಿನ ಚಲನೆಯಲ್ಲಿ ಇದು ಗಮನಕ್ಕೆ ಬಾರದಿರಬಹುದು, ಹದಿನಾಲ್ಕು ಇಂಚಿನಲ್ಲಿ ಚಾಲಕರ ಹೆಬ್ಬೆರಳನ್ನೇ ಮುರಿಯಬಲ್ಲದು. ಹಾಗಾಗಿ ಟೈ ರಾಡಿನ ಒಳತುದಿಯನ್ನು ತೊಲೆಯ ಕೀಲಿಗೆ ಆದಷ್ಟು ಹತ್ತಿರ ತರುವ ತೂಗುಯ್ಯಾಲೆ ಮಾದರಿಯ ಜೋಡಣೆಯನ್ನು ಮಾಡಿಸಿದೆವು. ಇಲ್ಲಿಯೇ ನಮ್ಮ ಮೊದಲ ‘ಮುರಿಯಬೇಕಾದ ಭಾಗ’ ಇರುವುದು. ಟೈ ರಾಡನ್ನು ಬೇಕೆಂದೇ ಅತಿ ದಪ್ಪ ಮಾಡಲಿಲ್ಲ. ಬಂಡೆ ಬಡಿದರೆ ಅದು ಬಾಗಲಿ, ಸ್ಟಿಯರಿಂಗ್ ಬಾಕ್ಸಿನ ಒಳಗಿನ ದಂಡ ತುಂಡಾಗುವುದು ಬೇಡ. ಬಾಗಿದ ರಾಡನ್ನು ದಾರಿಯಲ್ಲೇ ಎರಡು ಬೋಲ್ಟ್ ಬಿಚ್ಚಿ ಬದಲಿಸಬಹುದು. ಸ್ಟಿಯರಿಂಗ್ ಬಾಕ್ಸ್ ಹೋದರೆ ಅಂದಿನ ಓಟ ಅಲ್ಲಿಗೆ ಮುಗಿಯಿತು.

ಈ ಹಂತದ ಚಿತ್ರಗಳನ್ನು ದಾವಣಗೆರೆಗೆ ಕಳಿಸಿದಾಗ ಅಪ್ಪ ಫೋನ್ ಮಾಡಿ, “ಚೆನ್ನಾಗಿ ಓಡೋ ಗಾಡೀನ ಯಾಕಪ್ಪಾ ಕೊಯ್ದು ಹಾಕಿದೀಯ?” ಎಂದು ಕೇಳಿದರು. ಅವರಿಗೆ ವಿವರಿಸುವುದರೊಳಗೆ ನನಗೇ ಎಷ್ಟೋ ಸ್ಪಷ್ಟವಾಯಿತು ಎನ್ನಬೇಕು.

ಹಿಂಭಾಗ ಇದಕ್ಕಿಂತ ಸರಳ. ಲೀಫ್ ಸ್ಪ್ರಿಂಗುಗಳನ್ನೇ ಉಳಿಸಿಕೊಂಡೆವು, ಆದರೆ ಉದ್ದನೆಯವನ್ನು ಹಾಕಿಸಿದೆವು. ಅದೇ ಚಲನೆಗೆ ಉದ್ದನೆಯ ಪಟ್ಟಿ ಕಡಿಮೆ ಬಾಗುತ್ತದೆ, ಹಾಗಾಗಿ ಹೆಚ್ಚು ಕಾಲ ಬಾಳುತ್ತದೆ. ಸಾಂಟಾ ಆನಾದಲ್ಲಿರುವ, ಶತಮಾನಕ್ಕೂ ಹಳೆಯದಾದ ಡೀವರ್ ಸ್ಪ್ರಿಂಗ್ಸ್‌ನಂತಹ ಕಾರ್ಖಾನೆಗಳು ಗಾಡಿಯ ತೂಕ ಕೇಳಿ, ತೆಳ್ಳನೆಯ ಹಲವಾರು ಪಟ್ಟಿಗಳ ಕಟ್ಟನ್ನು ಮಾಡಿಕೊಡುತ್ತವೆ. ಒಂದು ಪಟ್ಟಿ ತುಂಡಾದರೂ ಉಳಿದವು ಗಾಡಿಯನ್ನು ಮನೆಗೆ ತರುತ್ತವೆ. ಹಿಂಚಕ್ರಗಳ ಅಚ್ಚಿನ ವಿಷಯದಲ್ಲಿ ಮಾತ್ರ ಖರ್ಚಿಗೆ ಹಿಂಜರಿಯಲಿಲ್ಲ. ರೇಂಜರಿನ ಮೂಲ ಅಚ್ಚನ್ನು ತೆಗೆದು, ಫೋರ್ಡ್ 1957ರಲ್ಲಿ ಪರಿಚಯಿಸಿದ ‘9 ಇಂಚು’ ಎಂಬ ಹೆಸರಿನ ಅಚ್ಚಿನ ಮಾದರಿಯ, ಗಟ್ಟಿ ತಗಡಿನಿಂದ ಕಟ್ಟಿದ ಹೌಸಿಂಗ್, ಎಂದರೆ ಹೊರಕವಚ, ಹಾಕಿಸಿದೆವು. ಅದರಲ್ಲಿ ಎಂಜಿನ್ನಿನ ತಿರುಗುವಿಕೆಯನ್ನು ಚಕ್ರಗಳಿಗೆ ದಾಟಿಸುವ ಕ್ರೌನ್ ಮತ್ತು ಪಿನಿಯನ್ ಗೇರುಗಳಿರುವ ನಡುಭಾಗ ಮುಂದಿನಿಂದ ಇಡಿಯಾಗಿ ಕಳಚಿ ಬರುತ್ತದೆ, ಸಿದ್ಧವಾಗಿ ಇಟ್ಟುಕೊಂಡ ಇನ್ನೊಂದನ್ನು ಬಯಲಿನಲ್ಲೇ ಕೂರಿಸಬಹುದು. ಚಕ್ರವನ್ನು ಬೋಲ್ಟ್ ಹಾಕಿ ಕೂರಿಸುವ ಹಬ್ಬುಗಳು ಫುಲ್ ಫ್ಲೋಟರ್ ಮಾದರಿಯವು: ಗಾಡಿಯ ಭಾರವನ್ನು ಹೊರುವುದು ಹೌಸಿಂಗ್, ಒಳಗಿನ ಆಕ್ಸಲ್ ದಂಡ ತಿರುಗಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಮೂಲ ಅಚ್ಚಿನಲ್ಲಿ ದಂಡ ತುಂಡಾದರೆ ಚಕ್ರವೇ ಕಳಚಿ ಹೊರಟುಹೋಗುವ ಅಪಾಯವಿತ್ತು. ಇದರಲ್ಲಿ ದಂಡ ತುಂಡಾದರೂ ಚಕ್ರ ನಿಂತಲ್ಲೇ ಇರುತ್ತದೆ, ಹಬ್ಬಿನ ಮುಖದ ಬೋಲ್ಟುಗಳನ್ನು ಬಿಚ್ಚಿ ತುಂಡನ್ನು ಎಳೆದು ಹೊಸದನ್ನು ತೂರಿಸಿದರೆ ಆಯಿತು. ನಮ್ಮ ಲಾರಿಗಳಲ್ಲಿ ಇರುವ ವ್ಯವಸ್ಥೆಯೂ ಇದೇ. ಹೆದ್ದಾರಿಯ ಬದಿಯಲ್ಲಿ ಕ್ಲೀನರುಗಳು ಆಕ್ಸಲ್ ಎಳೆಯುವುದನ್ನು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಶಾಕ್ ಅಬ್ಸಾರ್ಬರ್. ಇಡಿಯ ಗಾಡಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಸ್ಪ್ರಿಂಗ್ ಗಾಡಿಯ ಭಾರವನ್ನು ಹೊರುತ್ತದೆ, ಹೊಡೆತವನ್ನು ನುಂಗುವುದು ಶಾಕ್. ನುಂಗಿದ್ದನ್ನು ಅದು ಶಾಖವಾಗಿ ಬದಲಿಸುತ್ತದೆ. ಪಿಸ್ಟನ್ನಿನ ರಂಧ್ರಗಳ ಮೂಲಕ ಎಣ್ಣೆಯನ್ನು ಒತ್ತಾಯದಿಂದ ದಾಟಿಸುವುದಷ್ಟೇ ಅದರ ಕೆಲಸ. ವೂಪ್ಸ್‌ನ ಸಾಲಿನಲ್ಲಿ ಕೆಲವೇ ಮೈಲಿ ಓಡಿ ನಿಲ್ಲಿಸಿ, ಸಾಧಾರಣ ಶಾಕಿನ ಮೇಲೆ ಕೈ ಇಟ್ಟರೆ ಚರ್ಮ ಸುಡುತ್ತದೆ. ಎಣ್ಣೆ ಬಿಸಿಯಾದಷ್ಟೂ ತೆಳುವಾಗುತ್ತದೆ, ತೆಳುವಾದಷ್ಟೂ ತಡೆ ಕಡಿಮೆಯಾಗುತ್ತದೆ, ಗಾಡಿ ತೇಲಾಡತೊಡಗುತ್ತದೆ. ಇದಕ್ಕೆ ಉಪಾಯವೆಂದರೆ ದಪ್ಪನೆಯ ಮೈ, ಹೆಚ್ಚು ಎಣ್ಣೆ, ಪಕ್ಕದಲ್ಲೊಂದು ಪ್ರತ್ಯೇಕ ಡಬ್ಬಿ. ಡಬ್ಬಿಯೊಳಗೆ ತೇಲುವ ಬಿಲ್ಲೆಯ ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಸುಮಾರು 200 ಪಿಎಸ್‌ಐ ಒತ್ತಡದ ನೈಟ್ರೋಜನ್. ಆ ಒತ್ತಡ ಇರುವುದರಿಂದ ಎಣ್ಣೆಯಲ್ಲಿ ನೊರೆ ಏಳುವುದಿಲ್ಲ.

ಮುಂದಿನ ಪ್ರತಿ ಚಕ್ರಕ್ಕೆ ಎರಡೆರಡು ಶಾಕುಗಳಿವೆ. ಒಂದು ಸ್ಪ್ರಿಂಗನ್ನು ಮೈಮೇಲೆ ಹೊತ್ತ 2.5 ಇಂಚಿನ ಕಾಯಿಲ್‌ಓವರ್, ಇನ್ನೊಂದು ಬೈಪಾಸ್. ಬೈಪಾಸ್ ಶಾಕಿನ ಮೈಮೇಲೆ ಹೊರಗಡೆ ಸಣ್ಣ ಕೊಳವೆಗಳನ್ನು ಬೆಸೆದಿರುತ್ತಾರೆ. ಪಿಸ್ಟನ್ ನಡುಭಾಗದಲ್ಲಿರುವಾಗ ಎಣ್ಣೆಯ ಒಂದಂಶ ಈ ಕೊಳವೆಗಳ ಮೂಲಕ ಪಿಸ್ಟನ್ನನ್ನು ಬಳಸಿಕೊಂಡು ಹೋಗುತ್ತದೆ, ಹಾಗಾಗಿ ಸಣ್ಣ ಕುಲುಕುಗಳಲ್ಲಿ ಶಾಕ್ ಮೃದು. ಚಕ್ರ ಇನ್ನೂ ಮೇಲೆ ಹೋದಾಗ ಪಿಸ್ಟನ್ ಆ ಕೊಳವೆಗಳ ಬಾಯಿಯನ್ನು ದಾಟಿಬಿಡುತ್ತದೆ, ದಾರಿ ಮುಚ್ಚಿ ಎಣ್ಣೆಯೆಲ್ಲ ರಂಧ್ರಗಳಲ್ಲೇ ನುಗ್ಗಬೇಕಾಗುತ್ತದೆ, ಆಗ ಶಾಕ್ ಗಡಸಾಗುತ್ತದೆ. ಪ್ರತಿ ಕೊಳವೆಯ ತುದಿಯಲ್ಲಿ ಒಂದು ಸ್ಕ್ರೂ ಇದೆ. ಸ್ಪ್ಯಾನರಿನಿಂದ ಲಾಕ್ ನಟ್ಟು ಸಡಿಲಿಸಿ ಅರ್ಧ ಸುತ್ತು ತಿರುಗಿಸಿದರೂ ಗಾಡಿಯ ನಡತೆ ಬದಲಾಗುತ್ತದೆ.

ಈ ಹೊಂದಾಣಿಕೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರಿದ್ದಾರೆ. ನಾನೂ ವೃತ್ತಿಯಿಂದ ಅಂಥವನೇ. ಆದರೂ ಕೊನೆಗೆ ನಂಬಿದ್ದು ಶಾಕಿನ ಹೊಳೆಯುವ ದಂಡದ ಮೇಲೆ ತೊಡಿಸಿದ ಒಂದು ರಬ್ಬರ್ ಉಂಗುರವನ್ನು. ಓಡುವ ಮೊದಲು ಅದನ್ನು ಶಾಕಿನ ಮೈಗೆ ತಾಗುವಂತೆ ಮೇಲಕ್ಕೆ ಸರಿಸಬೇಕು. ಚಕ್ರ ಎಷ್ಟು ಮೇಲೇರಿತೋ ಅಷ್ಟು ದೂರ ಉಂಗುರ ತಳ್ಳಿಸಿಕೊಂಡು ಹೋಗಿ ಅಲ್ಲೇ ನಿಲ್ಲುತ್ತದೆ. ಗೊತ್ತುಮಾಡಿಕೊಂಡ ಒಂದು ಸಾಲು ವೂಪ್ಸ್, ಗೊತ್ತುಮಾಡಿಕೊಂಡ ವೇಗ, ಹಿಂತಿರುಗಿ ಬಂದು ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿ ಉಂಗುರ ಎಲ್ಲಿದೆ ಎಂದು ನೋಡುವುದು, ಪುಸ್ತಕದಲ್ಲಿ ಬರೆದಿಡುವುದು. ಅತಿ ದೊಡ್ಡ ಹೊಡೆತಕ್ಕಷ್ಟೇ ಉಂಗುರ ಕೊನೆಯ ಇಂಚಿಗೆ ಬರಬೇಕು. ಸುಮ್ಮನೆ ಓಡಿದರೂ ಅಲ್ಲಿಗೆ ಬಂದಿದ್ದರೆ ಶಾಕ್ ಮೃದುವಾಗಿದೆ ಎಂದರ್ಥ. ನಡುವಿನಲ್ಲೇ ನಿಂತಿದ್ದರೆ, ಅಷ್ಟು ಕಷ್ಟಪಟ್ಟು ಗಳಿಸಿದ ಚಲನೆಯ ಅರ್ಧ ಬಳಕೆಯಾಗುತ್ತಲೇ ಇಲ್ಲ.

ಚಲನೆಯ ಎರಡೂ ಕೊನೆಗಳಲ್ಲಿ ಕಾವಲಿರಬೇಕು. ಮೇಲ್ಗಡೆಯ ಕೊನೆಗೆ ಬಂಪ್ ಸ್ಟಾಪ್, ಎಂದರೆ ಗಾಳಿ ಮತ್ತು ಎಣ್ಣೆ ತುಂಬಿದ ಗಿಡ್ಡನೆಯ ಶಾಕ್. ಅದು ಕೊನೆಯ ಎರಡು ಮೂರು ಇಂಚಿನ ಹೊಡೆತವನ್ನು ಚಾಸಿಗೆ ಮುಟ್ಟುವ ಮೊದಲು ಮೆತ್ತಗಾಗಿಸುತ್ತದೆ. ಕೆಳಗಡೆಯ ಕೊನೆಗೆ ನೈಲಾನ್ ಪಟ್ಟಿ. ಗಾಡಿ ನೆಲ ಬಿಟ್ಟು ಹಾರಿದಾಗ ಚಕ್ರ ಮತ್ತು ತೊಲೆಯ ಭಾರವೆಲ್ಲ ಜೋತುಬೀಳುತ್ತದೆ. ಪಟ್ಟಿ ಇಲ್ಲದಿದ್ದರೆ ಅದು ಶಾಕಿನ ದಂಡವನ್ನು ಒಳಗಿನಿಂದ ಜಗ್ಗಿ, ಅದರ ತುದಿಯ ಬೋಲ್ಟ್ ಕಣ್ಣನ್ನೋ ಪಿಸ್ಟನ್ನಿನ ನಟ್ಟನ್ನೋ ಕೀಳುತ್ತದೆ. ಒಂದು ಶಾಕಿನ ಬೆಲೆಗೆ ಇಂತಹ ಪಟ್ಟಿಗಳನ್ನು ರಾಶಿ ಹಾಕಬಹುದು. ಪಟ್ಟಿ ಬಳಕೆಯಲ್ಲಿ ಸ್ವಲ್ಪ ಹಿಗ್ಗುತ್ತದೆ, ಅದಕ್ಕೆಂದು ಒಂದಿಷ್ಟು ಗಿಡ್ಡವಾಗಿಯೇ ಕಟ್ಟಬೇಕು, ಅಂಚಿನ ದಾರ ಬಿಚ್ಚತೊಡಗಿದೊಡನೆ ಎಸೆಯಬೇಕು. ಮುರಿಯಬೇಕಾದದ್ದನ್ನು ಮುಂಚೆಯೇ ಆರಿಸುವುದು ಎಂದು ಹೇಳಿದೆನಲ್ಲ, ಅದಕ್ಕೆ ಇಡೀ ಗಾಡಿಯಲ್ಲಿ ಇದಕ್ಕಿಂತ ಚೊಕ್ಕ ಉದಾಹರಣೆ ಇಲ್ಲ.

ಒಳಗಿರುವ ಇಬ್ಬರ ಮಟ್ಟಿಗೆ ಮಾತ್ರ ಈ ತತ್ವ ಅನ್ವಯಿಸುವುದಿಲ್ಲ. ಅಲ್ಲಿ ಯಾವುದೂ ಮುರಿಯಬಾರದು. ರೋಲ್ ಕೇಜ್ ಎಂಬ ಕೊಳವೆಯ ಪಂಜರಕ್ಕೆ ನಮ್ಮ ಗಾಡಿಯ ತೂಕ ನೋಡಿ 1.75 ಇಂಚು ಹೊರವ್ಯಾಸ, 0.120 ಇಂಚು ದಪ್ಪದ, ಒಳಗೊಂದು ದಂಡವಿಟ್ಟು ಎಳೆದು ತಯಾರಿಸಿದ ಡಿಒಎಂ ಉಕ್ಕಿನ ಕೊಳವೆಯನ್ನು ಬಳಸಿದೆವು. ಒಂದು ಕೊಳವೆ ಇನ್ನೊಂದನ್ನು ಸೇರುವ ಕಡೆ ಅದರ ತುದಿಯನ್ನು ಮೀನಿನ ಬಾಯಿಯಂತೆ ಕೊರೆದು, ಬೆಳಕು ತೂರದಷ್ಟು ನಿಕಟವಾಗಿ ಕೂರಿಸಿ ಬೆಸೆಯಬೇಕು. ಸಂದನ್ನು ಬೆಸುಗೆಯಿಂದ ತುಂಬಿಸುವ ಚಾಳಿ ಇಲ್ಲಿ ನಡೆಯುವುದಿಲ್ಲ. ಪಂಜರದ ಕಾಲುಗಳು ಕ್ಯಾಬಿನ್ನಿನ ತಗಡಿನ ಮೇಲಷ್ಟೇ ನಿಂತರೆ ಪಲ್ಟಿಯಾದಾಗ ತಗಡನ್ನು ತೂತು ಮಾಡಿಕೊಂಡು ಕೆಳಗಿಳಿಯುತ್ತವೆ. ಅವು ಚಾಸಿಗೇ ಕಟ್ಟಿಕೊಳ್ಳಬೇಕು. ತಲೆಯ ಹತ್ತಿರದ ಪ್ರತಿ ಕೊಳವೆಗೂ ಗಟ್ಟಿ ಫೋಮ್ ಸುತ್ತಿದೆ. ಮೈ ಹಿಡಿದಿಡುವ ಸೀಟು, ಐದು ಕಡೆಯಿಂದ ಕಟ್ಟುವ ಪಟ್ಟಿ, ಬೆಂಕಿ ತಡೆಯುವ ಉಡುಪು, ಕೈ ಹೊರಗೆ ಚಾಚದಂತೆ ಕಿಟಕಿಗೆ ಬಲೆ, ಕೈಗೆಟುಕುವಲ್ಲಿ ಬೆಂಕಿ ನಂದಿಸುವ ಸಿಲಿಂಡರು. ಪಟ್ಟಿಗಳ ಮೇಲೆ ತಯಾರಾದ ತಿಂಗಳು ಅಚ್ಚಾಗಿರುತ್ತದೆ, ಅವಧಿ ಮೀರಿದ್ದರೆ ಎಷ್ಟೇ ಹೊಸದಾಗಿ ಕಂಡರೂ ಪರಿಶೀಲಕರು ಗಾಡಿಯನ್ನು ಹಿಂದಕ್ಕೆ ಕಳಿಸುತ್ತಾರೆ. ಬಿಸಿಲು ಮತ್ತು ದೂಳು ನೈಲಾನನ್ನು ತಿನ್ನುವುದು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಈ ಕಟ್ಟುನಿಟ್ಟು ಸರಿಯೇ.

ಹೆಲ್ಮೆಟ್ಟಿಗೆ ಶುದ್ಧ ಗಾಳಿ ಊದುವ ಪಂಪು ಐಷಾರಾಮ ಎಂದು ತೋರಬಹುದು, ಆದರೆ ಅಲ್ಲ. ಎದುರಿನ ಗಾಡಿಯ ದೂಳಿನಲ್ಲಿ ಗಂಟೆಗಟ್ಟಲೆ ಉಸಿರಾಡಲು ಸಾಧ್ಯವಿಲ್ಲ ಎಂಬುದು ಒಂದು. ಅಮೆರಿಕದ ನೈರುತ್ಯ ಭಾಗದ ಮಣ್ಣಿನಲ್ಲಿ ವ್ಯಾಲಿ ಫೀವರ್ ಎಂಬ ಶ್ವಾಸಕೋಶದ ಕಾಯಿಲೆ ತರುವ ಶಿಲೀಂಧ್ರವೂ ಇರುತ್ತದೆ ಎಂಬುದು ಇನ್ನೊಂದು. ಹಿಂಬದಿಗೆ ಹಳದಿ ಬಣ್ಣದ ಪ್ರಖರ ದೀಪವೊಂದನ್ನು ಸದಾ ಉರಿಸಿಕೊಂಡೇ ಓಡುವುದೂ ಈ ದೂಳಿನಿಂದಾಗಿಯೇ. ನಿಂತ ಗಾಡಿ ಹಿಂದಿನಿಂದ ಬರುವವರಿಗೆ ಕಾಣುವುದು ಅದೊಂದರಿಂದ ಮಾತ್ರ.

ಎಂಜಿನ್ನಿನ ಬಗ್ಗೆ ಹೇಳುವುದು ಹೆಚ್ಚಿಲ್ಲ, ಏಕೆಂದರೆ ನಾವು ಅದನ್ನು ಹೆಚ್ಚು ಮುಟ್ಟಲಿಲ್ಲ. ಹೊಸಬರು ಮೊದಲು ಹಣ ಸುರಿಯುವುದು ಅಲ್ಲಿಗೇ. ಚಕ್ರ ನೆಲದ ಮೇಲೆ ನಿಲ್ಲದ ಗಾಡಿಗೆ ಹೆಚ್ಚಿನ ಅಶ್ವಶಕ್ತಿ ಕೊಟ್ಟರೆ ಅದು ಮುರಿಯುವ ಜಾಗಕ್ಕೆ ಬೇಗ ತಲುಪುತ್ತದೆ, ಅಷ್ಟೇ. ಗೇರಿನ ಲೆಕ್ಕವನ್ನು ಮಾತ್ರ ಸರಿಪಡಿಸಬೇಕಾಯಿತು. ಮೂಲ ಟೈರಿನ ವ್ಯಾಸ ಸುಮಾರು 27 ಇಂಚು, ನಾವು ಹಾಕಿದ್ದು 33 ಇಂಚು. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ ಎಂಜಿನ್ನಿಗೆ ಗೇರು ಎತ್ತರವಾದಂತೆ ಆಗುತ್ತದೆ. ಹಿಂದಿನ ಅಚ್ಚಿನ ಗೇರುಗಳ ಮೂಲ ಅನುಪಾತ 3.73 ಇದ್ದದ್ದನ್ನು 33ರಿಂದ ಗುಣಿಸಿ 27ರಿಂದ ಭಾಗಿಸಿದರೆ 4.56 ಬರುತ್ತದೆ, ಕ್ರೌನ್ ಪಿನಿಯನ್ನನ್ನು ಅದಕ್ಕೆ ಬದಲಿಸಿದೆವು. 35 ಇಂಚಿನ ಟೈರು ನೋಡಲು ಚೆಂದ, ಉಬ್ಬುಗಳ ಮೇಲೂ ಸಲೀಸು. ಆದರೆ ಅದರ ತೂಕ ಹಬ್ಬು, ಬೇರಿಂಗು, ಸ್ಟಿಯರಿಂಗು ಎಲ್ಲದರ ಮೇಲೂ ಬೀಳುತ್ತದೆ. ಹಬ್ಬಿನಾಚೆಗೆ ಸೇರಿಸಿದ ತೂಕದಷ್ಟು ದುಬಾರಿ ತೂಕ ಗಾಡಿಯಲ್ಲಿ ಬೇರೆಲ್ಲೂ ಇಲ್ಲ.

ಎಂಜಿನ್ನಿಗೆ ನಿಜವಾಗಿ ಬೇಕಾದದ್ದು ತಣ್ಣನೆಯ ನೀರು ಮತ್ತು ಶುದ್ಧ ಗಾಳಿ. ದಪ್ಪ ರೇಡಿಯೇಟರ್, ಅದರ ಮುಂದೆ ಕಲ್ಲು ತಡೆಯುವ ಜಾಲರಿ, ಗಾಳಿ ಎಳೆಯುವ ಬಾಯಿಯನ್ನು ಚಕ್ರದ ದೂಳಿನಿಂದ ದೂರ ಕ್ಯಾಬಿನ್ನಿನ ಎತ್ತರಕ್ಕೆ ಒಯ್ದದ್ದು, ಫಿಲ್ಟರಿನ ಮೇಲೆ ಎಣ್ಣೆ ಸವರಿದ ಹೊರಚೀಲ. ಆ ನುಣ್ಣನೆಯ ದೂಳಿನ ಒಂದು ಚಿಟಿಕೆ ಒಳಗೆ ಹೋದರೂ ಪಿಸ್ಟನ್ ರಿಂಗುಗಳನ್ನು ಉಜ್ಜುಕಾಗದದಂತೆ ಸವೆಸಿಬಿಡುತ್ತದೆ. ಪೆಟ್ರೋಲಿಗೆ ಮೂಲ ಟ್ಯಾಂಕನ್ನು ತೆಗೆದು, ಹರಿಯದ ರಬ್ಬರು ಚೀಲದೊಳಗೆ ಸ್ಪಂಜು ತುಂಬಿದ ಫ್ಯೂಯಲ್ ಸೆಲ್ ಅನ್ನು ಹಿಂಬದಿಯ ತೊಟ್ಟಿಯಲ್ಲಿ, ಪಂಜರದ ಕೊಳವೆಗಳ ನಡುವೆ ಇಟ್ಟಿದ್ದೇವೆ.

ಇಷ್ಟೆಲ್ಲ ಕಟ್ಟಿದ ಮೇಲೆ ಓಟದ ಹಿಂದಿನ ವಾರದ ಕೆಲಸ ಬೇರೆಯದೇ. ಪ್ರತಿ ಬೋಲ್ಟನ್ನು ಟಾರ್ಕ್ ರೆಂಚಿನಿಂದ ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಹಳದಿ ಪೇಂಟಿನ ಪೆನ್ನಿನಲ್ಲಿ ಒಂದು ಗೆರೆ ಎಳೆಯುತ್ತೇವೆ. ದಾರಿಯಲ್ಲಿ ನಿಂತಾಗ ಸ್ಪ್ಯಾನರ್ ಹಿಡಿದು ಎಲ್ಲವನ್ನೂ ಪರೀಕ್ಷಿಸಲು ಸಮಯವಿರುವುದಿಲ್ಲ. ಗೆರೆ ತುಂಡಾಗಿ ಎರಡು ತುದಿಗಳು ಸರಿದಿದ್ದರೆ ಆ ಬೋಲ್ಟು ಸಡಿಲವಾಗಿದೆ ಎಂದು ಟಾರ್ಚಿನ ಬೆಳಕಿನಲ್ಲೇ ಗೊತ್ತಾಗುತ್ತದೆ. ಚಾಸಿಗೆ ತಿಳಿಬಣ್ಣ ಬಳಿದದ್ದೂ ಇದೇ ಉದ್ದೇಶಕ್ಕೆ: ಕಪ್ಪು ಬಣ್ಣದ ಮೇಲೆ ಕೂದಲೆಳೆಯ ಸೀಳು ಕಾಣುವುದಿಲ್ಲ, ಬೂದುಬಣ್ಣದ ಮೇಲೆ ತುಕ್ಕಿನ ಗೆರೆಯಾಗಿ ಎದ್ದು ಕಾಣುತ್ತದೆ. ಮುಂದಿನ ಹಬ್ಬು ಒಂದನ್ನು ಬೇರಿಂಗು ಕೂರಿಸಿ, ಗ್ರೀಸ್ ತುಂಬಿ, ಅಡುಗೆಮನೆಯ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಸಿದ್ಧವಾಗಿ ಒಯ್ಯುತ್ತೇವೆ. ದೂಳಿನ ಗಾಳಿಯಲ್ಲಿ ಕುಳಿತು ಬೇರಿಂಗಿಗೆ ಗ್ರೀಸ್ ತುಂಬುವುದು ಆಗದ ಮಾತು.

ಚಿಕ್ಕಮಗಳೂರಿನ ಕಾಫಿ ತೋಟಗಳ ರ್‍ಯಾಲಿಗಳನ್ನು ನೋಡಿದವರಿಗೆ ಒಂದು ವ್ಯತ್ಯಾಸ ಹೇಳಬೇಕು. ಅಲ್ಲಿ ಹಂತ ಹಂತಕ್ಕೂ ಗಾಡಿ ಸರ್ವಿಸ್ ಜಾಗಕ್ಕೆ ಮರಳುತ್ತದೆ, ಇಲ್ಲಿ ನಲವತ್ತು ಐವತ್ತು ಮೈಲಿಯ ಸುತ್ತಿನ ನಡುವೆ ನಿಂತರೆ ಸಹಾಯ ಬರಲು ಗಂಟೆಗಳೇ ಹಿಡಿಯಬಹುದು. ಆದ್ದರಿಂದ ಏನನ್ನು ಹೊತ್ತೊಯ್ಯಬೇಕು, ಏನನ್ನು ಬಿಡಬೇಕು ಎಂಬ ಚರ್ಚೆಯಲ್ಲಿ ನಾವು ಮೂವರೂ ಒಮ್ಮತಕ್ಕೆ ಬಂದದ್ದೇ ಇಲ್ಲ.

ಗಾಡಿಯ ಆಚೆಗೂ ಒಂದು ಮಾತಿದೆ. ಈ ಓಟಗಳ ಜಾಡು ಹಾಯುವ ಹೆಚ್ಚಿನ ಭೂಮಿ ಒಕ್ಕೂಟ ಸರ್ಕಾರದ್ದು, ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟಿನ ಪರವಾನಗಿ ಇಲ್ಲದೆ ಓಟವಿಲ್ಲ. ಮೊಹಾವಿಯ ಮರುಭೂಮಿ ಆಮೆಯನ್ನು 1990ರಲ್ಲಿ ಅಪಾಯದಲ್ಲಿರುವ ಜೀವಿಗಳ ಕಾನೂನಿನಡಿ ಸೇರಿಸಿದ ಮೇಲೆ ನಿರ್ಬಂಧಗಳು ಬಿಗಿಯಾದವು. ನಿಲ್ಲಿಸಿದ ಗಾಡಿಯ ನೆರಳಿಗೆ ಆಮೆಗಳು ಬಂದು ಕೂರುವುದರಿಂದ ಹೊರಡುವ ಮುನ್ನ ಬಗ್ಗಿ ಕೆಳಗೆ ನೋಡುವುದು ಇಲ್ಲಿಯ ರೂಢಿ. ಇದ್ದರೆ ಅದಾಗಿಯೇ ಹೋಗುವವರೆಗೆ ಕಾಯಬೇಕು. ಹೆದರಿಸಿ ಎತ್ತಿದರೆ ಅದು ದೇಹದಲ್ಲಿ ಕೂಡಿಟ್ಟ ನೀರನ್ನೆಲ್ಲ ಹೊರಬಿಡಬಹುದು, ಬೇಸಿಗೆಯಲ್ಲಿ ಅದು ಸಾಯಲು ಅಷ್ಟು ಸಾಕು.

2010ರ ಆಗಸ್ಟ್ 14ರಂದು ಲೂಸರ್ನ್ ವ್ಯಾಲಿಯ ಬಳಿ, ಜಾನ್ಸನ್ ವ್ಯಾಲಿಯ ಬಯಲಿನಲ್ಲಿ ನಡೆದ ಕ್ಯಾಲಿಫೋರ್ನಿಯಾ 200 ಓಟದಲ್ಲಿ, ದಿಬ್ಬವೊಂದನ್ನು ಹಾರಿದ ಟ್ರಕ್ಕು ಹಿಡಿತ ತಪ್ಪಿ ಜಾಡಿನ ಅಂಚಿನಲ್ಲೇ ನಿಂತಿದ್ದ ಪ್ರೇಕ್ಷಕರ ಮೇಲೆ ಬಿದ್ದು ಎಂಟು ಜನ ಸತ್ತರು. ಅದೂ ನಮ್ಮದರಂತೆ ಮಾರ್ಪಡಿಸಿದ ರೇಂಜರೇ ಆಗಿತ್ತು. ಬೇಲಿ ಇರಲಿಲ್ಲ, ನಡುವೆ ಅಂತರವಿರಲಿಲ್ಲ. ಆಮೇಲೆ ಪ್ರೇಕ್ಷಕರು ಎಲ್ಲಿ ನಿಲ್ಲಬೇಕು ಎಂಬ ನಿಯಮಗಳು ಕಠಿಣವಾದವು. ಪಂಜರ, ಸೀಟು, ಪಟ್ಟಿ ಎಂದು ನಾವು ಮಾಡುವ ಎಲ್ಲ ಸಿದ್ಧತೆಯೂ ಒಳಗಿರುವವರಿಗಾಗಿ. ಹೊರಗಿರುವವರಿಗೆ ಇರುವ ರಕ್ಷಣೆ ದೂರ ಒಂದೇ. ಊರಿನಿಂದ ಬಂದ ಅತಿಥಿಗಳನ್ನು ಓಟಕ್ಕೆ ಕರೆದೊಯ್ದಾಗ, ಹತ್ತಿರ ಹೋಗಿ ಫೋಟೋ ತೆಗೆಯಬೇಕೆಂದು ಅವರು ಎಷ್ಟೇ ಕೇಳಿದರೂ ನಾನು ಒಪ್ಪುವುದಿಲ್ಲ.

ಸದ್ಯದ ಸ್ಥಿತಿ ಹೇಳುವುದಾದರೆ, ಮುಂಭಾಗ ಸುಮಾರು ಹದಿನಾಲ್ಕು ಇಂಚು, ಹಿಂಭಾಗ ಅದಕ್ಕಿಂತ ತುಸು ಹೆಚ್ಚು ಚಲಿಸುತ್ತದೆ. ಕಳೆದ ಓಟದಲ್ಲಿ ಬಲಗಡೆಯ ಟೈ ರಾಡ್ ಬಾಗಿತು, ಹಿಂದಿನ ಒಂದು ನೈಲಾನ್ ಪಟ್ಟಿ ಹರಿಯಿತು, ಎರಡೂ ಮೊದಲು ಮುರಿಯಲೆಂದು ನಾವು ಗೊತ್ತುಮಾಡಿದ್ದ ಭಾಗಗಳೇ. ನಾವು ಗೊತ್ತುಮಾಡಿರದಿದ್ದದ್ದೆಂದರೆ ಗೇರ್ ಬಾಕ್ಸಿನ ಹಿಂದಿನ ರಬ್ಬರ್ ಮೌಂಟು. ಅದು ಹರಿದು ಗೇರ್ ಬಾಕ್ಸು ಒಂದಿಂಚು ಮೇಲೆದ್ದು ಕೂತಿದ್ದು ಗಾಡಿಯನ್ನು ಟ್ರೈಲರಿನಿಂದ ಇಳಿಸಿ ತೊಳೆದಾಗಲೇ ಕಂಡದ್ದು. ಅಚ್ಚು ಗಟ್ಟಿಯಾಯಿತು, ಹಬ್ಬು ಗಟ್ಟಿಯಾಯಿತು, ಹೊಡೆತ ಅಚ್ಚನ್ನು ಗೇರ್ ಬಾಕ್ಸಿಗೆ ಸೇರಿಸುವ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಮುಂದಕ್ಕೆ ನಡೆದಿದೆ. ಹೊಸ ಮೌಂಟನ್ನು ಗಡಸು ಪಾಲಿಯುರೆಥೇನಿನಲ್ಲಿ ಮಾಡಿಸೋಣ ಎಂಬುದು ಗೆಳೆಯರ ವಾದ. ಹಾಗೆ ಮಾಡಿದರೆ ಮುಂದಿನ ಸರದಿ ಗೇರ್ ಬಾಕ್ಸಿನ ಅಲ್ಯೂಮಿನಿಯಂ ಮೈಯದು. ಅದಕ್ಕೆ ರಬ್ಬರನ್ನೇ ಇಟ್ಟು, ಅದರ ಸುತ್ತ ಒಂದು ಉಕ್ಕಿನ ಕೊಕ್ಕೆಯನ್ನು ಸಡಿಲವಾಗಿ ಹಾಕಿ, ರಬ್ಬರು ಹರಿದರೂ ಗೇರ್ ಬಾಕ್ಸು ಅರ್ಧ ಇಂಚಿಗಿಂತ ಹೆಚ್ಚು ಏಳದಂತೆ ಮಾಡಬೇಕೆಂದು ನಾನು ಹೇಳುತ್ತಿದ್ದೇನೆ. ಬರುವ ಶನಿವಾರ ರಟ್ಟಿನಲ್ಲಿ ಆ ಕೊಕ್ಕೆಯ ಮಾದರಿ ಕತ್ತರಿಸಿ ನೋಡುವುದೆಂದು ತೀರ್ಮಾನವಾಗಿದೆ.